ಒಂದೇ ರಾತ್ರಿಗೆ ಹರಿದುಹೋದ ಆರು ವರ್ಷ

2012ರ ಡಿಸೆಂಬರ್ ಮೊದಲ ವಾರದ ಒಂದು ರಾತ್ರಿ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಮೊಂಟಾಲ್ಚಿನೊ ಎಂಬ ಗುಡ್ಡದ ಊರಿನ ಬಳಿಯ ಕಾಸೆ ಬಾಸ್ಸೆ ದ್ರಾಕ್ಷಿ ತೋಟದ ಉಗ್ರಾಣಕ್ಕೆ ಯಾರೋ ನುಗ್ಗಿದರು. ಕಳವಿಗೆ ಬಂದವರಲ್ಲ. ಓಕ್ ಮರದ ದೈತ್ಯ ಪೀಪಾಯಿಗಳ ನಲ್ಲಿ ತಿರುಗಿಸಿ ಹೊರಟುಹೋದರು. ಬೆಳಗಾಗುವಷ್ಟರಲ್ಲಿ 62,600 ಲೀಟರ್ ಕೆಂಪು ವೈನ್ ಚರಂಡಿ ಪಾಲಾಗಿತ್ತು. 2007ರಿಂದ 2012ರವರೆಗಿನ ಆರು ಫಸಲು. ಎಂಬತ್ತು ಸಾವಿರಕ್ಕೂ ಹೆಚ್ಚು ಬಾಟಲಿಗಳ ಲೆಕ್ಕ.

ಆರು ವರ್ಷದ ವೈನ್ ಮಾರದೆ ಇಟ್ಟದ್ದೇಕೆ? ಮೊಂಟಾಲ್ಚಿನೊದ 'ಬ್ರುನೆಲ್ಲೊ' ಕಾಯಲೇಬೇಕಾದ ವೈನ್. ಕೊಯ್ಲಾದ ಐದನೆಯ ವರ್ಷದ ಜನವರಿಗೆ ಮೊದಲು ಅದನ್ನು ಮಾರುವಂತಿಲ್ಲ. ಅದರಲ್ಲಿ ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲೇ ಕಳೆಯಬೇಕು. ಕಾಸೆ ಬಾಸ್ಸೆಯಲ್ಲಂತೂ ಇನ್ನೂ ಹೆಚ್ಚು ಕಾಲ ಕಾಯುತ್ತಿದ್ದರು.

ವೈನ್ ಕುಡಿಯದ ಮನೆಯವರಿಗೆ, ಕುಡಿಯಬಾರದ ವಯಸ್ಸಿನವರಿಗೆ ಈ ಕಥೆ ಏಕೆಂದರೆ, ಇದರಲ್ಲೊಂದು ರಸಾಯನಶಾಸ್ತ್ರದ ಪಾಠವಿದೆ. ಎಳೆ ಅಡಿಕೆ ಜಗಿದರೆ ಬಾಯಿ ಒಗರಾಗುತ್ತದಲ್ಲ, ಅದಕ್ಕೆ ಕಾರಣ ಟ್ಯಾನಿನ್. ಸಾಂಜೊವೇಸೆ ಎಂಬ ಈ ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲೂ ಅದೇ ಬಗೆಯ ಒಗರಿದೆ. ಮರದ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ತೀರಾ ಅಲ್ಪ ಪ್ರಮಾಣದಲ್ಲಿ ಒಳಗಿಳಿದಂತೆ ಟ್ಯಾನಿನ್ ಅಣುಗಳ ಜೋಡಣೆ ಬದಲಾಗಿ ಒಗರು ಮೆತ್ತಗಾಗುತ್ತದೆ. ಗಾಳಿ ಹೆಚ್ಚಾದರೆ ವೈನ್ ಕೆಟ್ಟಿತು! ಇದನ್ನು ಅವಸರಪಡಿಸುವ ಹಾಗಿಲ್ಲ.

ತೋಟದ ಒಡೆಯ ಜಾನ್‌ಫ್ರಾಂಕೊ ಸೊಲ್ದೆರಾ ಹುಟ್ಟು ರೈತರಲ್ಲ, ಮಿಲಾನ್ ನಗರದಲ್ಲಿ ವಿಮಾ ದಲ್ಲಾಳಿ. 1972ರಲ್ಲಿ ಪಾಳುಬಿದ್ದ ಈ ಜಮೀನು ಕೊಂಡರು. ಪತ್ನಿ ಗ್ರಾಝಿಯೆಲ್ಲಾ ಬಳ್ಳಿಗಳ ಪಕ್ಕದಲ್ಲೇ ನೂರಾರು ಬಗೆಯ ಗುಲಾಬಿಗಳ ತೋಟ ಬೆಳೆಸಿದರು. ಹಕ್ಕಿ, ಜೇನು, ಕೀಟಗಳು ಬಂದರಷ್ಟೇ ಬಳ್ಳಿಗೆ ಆರೋಗ್ಯ ಎಂಬುದು ದಂಪತಿಯ ನಂಬಿಕೆ. ಸೊಲ್ದೆರಾ ಮುಂಗೋಪಿ ಎಂದೂ ಹೆಸರಾಗಿದ್ದರು. ನೆರೆಯ ವೈನ್‌ಗಳ ಬಗ್ಗೆ ಒಳ್ಳೆಯ ಮಾತಾಡಿದ್ದು ಕಡಿಮೆ.

ಆದರೂ ಅನಾಹುತದ ಸುದ್ದಿ ಕೇಳಿ ಬೆಳೆಗಾರರ ಸಂಘ ಮರುಗಿತು. ಎಲ್ಲರೂ ತಮ್ಮ ತಮ್ಮ ವೈನ್ ಕೊಟ್ಟು ನೆರವಾಗೋಣವೆಂದಿತು. ಸೊಲ್ದೆರಾ ಒಪ್ಪಲಿಲ್ಲ. ಬೇರೆಯವರ ತೋಟದ ವೈನ್ ತನ್ನ ಹೆಸರಿನಲ್ಲಿ ಮಾರುವುದು ಕೊಳ್ಳುವವರಿಗೆ ಬಗೆಯುವ ಮೋಸ ಎಂದರು, ಮುಂದೆ ಸಂಘವನ್ನೇ ತೊರೆದರು. ಇದನ್ನು ಬರೀ ಹಟ ಎನ್ನಲಾಗದು.

ನಲ್ಲಿ ತಿರುಗಿಸಿದಾತ ಅದೇ ತೋಟದ ಮಾಜಿ ನೌಕರ. ಪೊಲೀಸರು ಹಿಡಿದರು, ಜೈಲು ಶಿಕ್ಷೆಯೂ ಆಯಿತು. ಎಪ್ಪತ್ತೈದರ ಆಸುಪಾಸಿನಲ್ಲಿದ್ದ ಸೊಲ್ದೆರಾ ಅಳಿದುಳಿದ ವೈನನ್ನು ಬಾಟಲಿಗೆ ತುಂಬಿಸಿ, 2013ರ ಫಸಲನ್ನು ಮತ್ತೆ ಪೀಪಾಯಿಗೆ ಇಳಿಸಿದರು. 2019ರಲ್ಲಿ ಅವರು ತೀರಿಕೊಂಡರು. ತೋಟ ಮನೆಯವರ ಕೈಗೆ ಬಂತು.