ಕುಮಟಾ ಹತ್ತಿಯ ಹೆಸರು ಮತ್ತು ವ್ಯಾಪಾರದ ನೀತಿ

ನೀತಿ, ರೂಢಿ, ಕಾನೂನು ಎಂಬ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಆದರೆ ವ್ಯವಹಾರದಲ್ಲಿ ಇವುಗಳ ಕಾರ್ಯಕ್ಷೇತ್ರ ಬೇರೆ ಬೇರೆ. ಯಾರೂ ನೋಡದಿರುವಾಗಲೂ ತೂಕವನ್ನು ಸರಿಯಾಗಿ ಇಡುವಂತೆ ಮಾಡುವುದು ನೀತಿ. ಪೇಟೆಯ ನಾಲ್ಕು ಜನ ಏನೆಂದಾರು ಎಂಬ ಅಳುಕಿನಿಂದ ಸರಿಯಾಗಿ ಇಡುವಂತೆ ಮಾಡುವುದು ರೂಢಿ. ದಂಡದ ಭಯದಿಂದ ಇಡಿಸುವುದು ಕಾನೂನು. ಒಂದು ದುರ್ಬಲವಾದಾಗ ಇನ್ನೊಂದು ಅದರ ಭಾರ ಹೊರುತ್ತದೆ; ಹೊರಲಾರದೆ ಕುಸಿಯುವುದೂ ಉಂಟು. ಇದಕ್ಕೆ ಉತ್ತರ ಕನ್ನಡದ ಕರಾವಳಿಯಲ್ಲಿಯೇ ಒಂದು ಐತಿಹಾಸಿಕ ಉದಾಹರಣೆ ಇದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ 'ಕೂಂಪ್ಟಾ' ಎಂಬ ಹೆಸರಿನ ಹತ್ತಿಗೆ ಬೇಡಿಕೆ ಇತ್ತು. ಅದು ನಮ್ಮ ಕುಮಟಾ. ವಿಶೇಷವೆಂದರೆ ಕುಮಟಾದಲ್ಲಾಗಲಿ, ಅದರ ಉತ್ತರಕ್ಕಿರುವ ಬಾಡದಂತಹ ಕರಾವಳಿ ಗ್ರಾಮಗಳಲ್ಲಾಗಲಿ ಹತ್ತಿ ಬೆಳೆಯುವುದಿಲ್ಲ. ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ ಸೀಮೆಯ ಎರೆಭೂಮಿಯಲ್ಲಿ. ಅಲ್ಲಿಂದ ಎತ್ತುಗಳ ಮೇಲೆ, ಮುಂದೆ ರಸ್ತೆಯಾದಂತೆ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಹಾಯಿ ಹಡಗುಗಳಲ್ಲಿ ಮುಂಬಯಿಗೆ ಸಾಗಿ, ಅಲ್ಲಿಂದ ವಿಲಾಯತಿಗೆ ಹೋಗುತ್ತಿತ್ತು. ಬೆಳೆದ ನೆಲದ ಹೆಸರು ಮರೆಯಾಗಿ, ಹಡಗೇರಿದ ಬಂದರಿನ ಹೆಸರು ನಿಂತಿತು.

ಈ ಸರಪಳಿಯಲ್ಲಿ ಎಷ್ಟು ಕೈಗಳಿದ್ದವು ಎಂಬುದನ್ನು ಗಮನಿಸಬೇಕು. ರೈತ, ಹಳ್ಳಿಯ ಸಾಹುಕಾರ, ಅರಳೆ ಬಿಡಿಸುವವನು, ಪೇಟೆಯ ದಲಾಲಿ, ಬಂಡಿಯವನು, ಬಂದರಿನ ವಖಾರಿಯವನು, ಹಡಗಿನ ತಂಡೇಲ, ಮುಂಬಯಿಯ ರಫ್ತುದಾರ. ರೈತನಿಗೆ ಸಾಹುಕಾರನ ಪರಿಚಯವಿತ್ತು, ಸಾಹುಕಾರನಿಗೆ ದಲಾಲಿಯ ಪರಿಚಯವಿತ್ತು. ಆದರೆ ನೂಲು ತೆಗೆಯುವ ಲ್ಯಾಂಕಾಶೈರಿನ ಗಿರಣಿಯವನನ್ನು ಇವರಲ್ಲಿ ಯಾರೂ ಕಂಡವರಲ್ಲ. ಪರಸ್ಪರ ಪರಿಚಯವಿದ್ದಲ್ಲಿ ಬಲವಾಗಿರುವ ರೂಢಿ, ಅಪರಿಚಿತರ ನಡುವೆ ಸಡಿಲವಾಯಿತು. ಒಬ್ಬ ಬೀಜ ಬೆರೆಸಿದ, ಇನ್ನೊಬ್ಬ ಎಲೆ ಹಾಗೂ ಕಸವನ್ನು ಉಳಿಸಿದ, ಮತ್ತೊಬ್ಬ ತೂಕಕ್ಕಾಗಿ ನೀರು ಚಿಮುಕಿಸಿದ, ಮಗದೊಬ್ಬ ಉತ್ತಮ ತಳಿಯೊಳಗೆ ಕಳಪೆ ತಳಿಯನ್ನು ಸೇರಿಸಿದ. ಪ್ರತಿಯೊಬ್ಬನೂ ಮಾಡಿದ್ದು ಅಲ್ಪವೇ. ಕೊನೆಯ ಮೂಟೆ ಮಾತ್ರ ಯಾರೂ ತನ್ನದೆಂದು ಒಪ್ಪಿಕೊಳ್ಳಲಾಗದಷ್ಟು ಕೆಟ್ಟಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋಯಿತು. ಭಾರತದ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದುದರ ಹಿಂದೆಯೂ ಈ ಹತ್ತಿಯ ಹಿತಾಸಕ್ತಿಯೇ ಇತ್ತು. ಬೆಲೆ ಏರಿದಂತೆ ಬೆರಕೆಯೂ ಏರಿತು. ಕೊಳ್ಳುವವನಿಗೆ ಬೇರೆ ದಾರಿಯಿಲ್ಲದಾಗ ಮಾರುವವನ ನೀತಿ ಪರೀಕ್ಷೆಗೆ ಒಳಗಾಗುತ್ತದೆ. ಆ ಪರೀಕ್ಷೆಯಲ್ಲಿ ನಮ್ಮ ಪೇಟೆಗಳು ಉತ್ತಮ ಅಂಕ ಪಡೆಯಲಿಲ್ಲ ಎಂದು ಹೇಳದೆ ವಿಧಿಯಿಲ್ಲ.

ಸರ್ಕಾರ ಕಾನೂನಿನ ಮೊರೆ ಹೋಯಿತು. 1863ರಲ್ಲಿ ಮುಂಬಯಿ ಪ್ರಾಂತದಲ್ಲಿ ಹತ್ತಿ ವ್ಯಾಪಾರದ ವಂಚನೆಗಳನ್ನು ತಡೆಯುವ 9ನೇ ಕಾಯ್ದೆ ಜಾರಿಗೆ ಬಂದಿತು. ಬೆರಕೆ ಮಾಡುವುದೂ, ಬೆರಕೆ ಹತ್ತಿಯನ್ನು ಮಾರುವುದೂ ಅಪರಾಧವಾದವು. ತನಿಖಾಧಿಕಾರಿಗಳು ನೇಮಕಗೊಂಡರು, ಅವರ ವೆಚ್ಚಕ್ಕಾಗಿ ರಫ್ತಾಗುವ ಹತ್ತಿಯ ಮೇಲೆ ಶುಲ್ಕ ಬಿದ್ದಿತು. ಪ್ರಾಮಾಣಿಕ ವರ್ತಕನೂ ಅಪ್ರಾಮಾಣಿಕನೂ ಅದೇ ಶುಲ್ಕವನ್ನು ತೆತ್ತರು ಎಂಬುದು ಇಲ್ಲಿಯ ವ್ಯಂಗ್ಯ. ಕಾಯ್ದೆಯ ಬಗ್ಗೆ ವರ್ತಕ ವಲಯದಲ್ಲಿ ಭಿನ್ನಾಭಿಪ್ರಾಯ ಮುಂದುವರಿಯಿತು. 1878ರಲ್ಲಿ ಅದರ ಸ್ಥಾನಕ್ಕೆ ಮತ್ತೊಂದು ಕಾಯ್ದೆ ಬಂದಿತು. 1880ರ ದಶಕದ ಆರಂಭದಲ್ಲಿ ಅದೂ ರದ್ದಾಯಿತು. ಅದೇ ದಶಕದಲ್ಲಿ ರೈಲು ಧಾರವಾಡ ಸೀಮೆಯನ್ನು ತಲುಪಿ ಹತ್ತಿ ಮರ್ಮಗೋವಾದತ್ತ ತಿರುಗಿತು. ಕುಮಟಾದ ಹತ್ತಿ ವೈಭವ ಮುಗಿಯಿತು. ತಳಿಯ ಹೆಸರಾಗಿ ಮಾತ್ರ 'ಕುಮಟಾ' ಬಹುಕಾಲ ಉಳಿಯಿತು.

ತನಿಖಾಧಿಕಾರಿಯಿಂದ ಆಗದ ಕೆಲಸಕ್ಕೆ ವರ್ತಕರ ಸ್ವಂತ ಸಂಸ್ಥೆಗಳು ಕೈ ಹಾಕಿದವು. 1875ರಲ್ಲಿ ಬಾಂಬೆ ಕಾಟನ್ ಟ್ರೇಡ್ ಅಸೋಸಿಯೇಷನ್ ಸ್ಥಾಪನೆಯಾಯಿತು. ದರ್ಜೆಯ ಮಾದರಿ, ಮಧ್ಯಸ್ಥಿಕೆ, ದರ್ಜೆಗೆ ತಕ್ಕ ಬೆಲೆ ಇವುಗಳ ಮೂಲಕ ಶುದ್ಧ ಸರಕಿಗೆ ಹೆಚ್ಚು ಹಣ ದೊರೆಯುವಂತೆ ಮಾಡುವುದು ಈ ಬಗೆಯ ಸಂಘಟನೆಗಳ ಹಾದಿ. ರಾಜ್ಯ ಸಂಪೂರ್ಣವಾಗಿ ಹಿಂದೆ ಸರಿಯಲೂ ಇಲ್ಲ: 1923ರ ಹತ್ತಿ ಸಾಗಣೆ ಕಾಯ್ದೆ ಹೊರಗಿನ ಹತ್ತಿಯನ್ನು ಒಳ್ಳೆಯ ಹತ್ತಿಯ ಪ್ರದೇಶಕ್ಕೆ ಬೆರಕೆಗಾಗಿ ತರುವುದನ್ನು ನಿರ್ಬಂಧಿಸಲು ಅವಕಾಶ ನೀಡಿತು, 1925ರ ಕಾಯ್ದೆ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳನ್ನು ನಿಯಂತ್ರಿಸಿ, ಒತ್ತಿದ ಬೇಲಿನ ಮೇಲೆ ಕಾರ್ಖಾನೆಯ ಗುರುತು ಇರುವಂತೆ ಮಾಡಿತು. ಎಲ್ಲ ದಂಡಗಳಿಗಿಂತ ಈ ಗುರುತೇ ಹೆಚ್ಚು ಅರ್ಥಪೂರ್ಣ. ಅನಾಮಧೇಯ ಮೂಟೆಗೆ ಒಬ್ಬ ಹೊಣೆಗಾರ ದೊರೆತನು.

ಪಕ್ಕದಲ್ಲಿಯೇ ಇದಕ್ಕೆ ವ್ಯತಿರಿಕ್ತವಾದ ಚಿತ್ರವೂ ಇದೆ. ಬಾಡದಿಂದ ಅನತಿ ದೂರದ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಮಳೆಗಾಲದಲ್ಲಿ ಕಗ್ಗ ಎಂಬ ಉಪ್ಪುನೀರು ಸಹಿಸುವ ಭತ್ತ, ಆನಂತರ ಮೀನು, ಸಿಗಡಿ. ಒಡ್ಡು ಎಲ್ಲರದು, ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಆದ್ದರಿಂದ ಒಡ್ಡು ಕಟ್ಟುವ, ಕಾಯುವ ಹೊಣೆ ಊರಿನ ರೂಢಿಯಿಂದಲೇ ನಡೆದು ಬಂದಿತ್ತು. ತಪ್ಪಿತಸ್ಥ ಯಾರೆಂಬುದು ಮರುದಿನವೇ ತಿಳಿಯುತ್ತಿತ್ತಲ್ಲ! ಸಿಗಡಿಯ ಹಣ ಹೆಚ್ಚಿದ ಮೇಲೆ ಭತ್ತಕ್ಕೂ ಸಿಗಡಿಗೂ ತಿಕ್ಕಾಟ ಬಂದಿತು. ದೇಶದಾದ್ಯಂತ ಕರಾವಳಿಯ ಸಿಗಡಿ ಕೃಷಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1996ರಲ್ಲಿ ತೀರ್ಪಾಯಿತು. 2005ರಲ್ಲಿ ಅದಕ್ಕಾಗಿ ಪ್ರತ್ಯೇಕ ಪ್ರಾಧಿಕಾರದ ಕಾಯ್ದೆಯೂ ಬಂದಿತು.

ಹುಂಡಿಯ ಉದಾಹರಣೆಯೂ ಇಂತಹುದೇ. 1881ರ ವರ್ಗಾವಣೀಯ ಪತ್ರಗಳ ಕಾಯ್ದೆ ತನ್ನ ಮೊದಲ ಕಲಮಿನಲ್ಲಿಯೇ ದೇಶೀಯ ಭಾಷೆಗಳ ಪತ್ರಗಳಿಗೆ ಸಂಬಂಧಿಸಿದ ಸ್ಥಳೀಯ ರೂಢಿಗೆ ಮನ್ನಣೆ ನೀಡಿತು. ಅದೇ ಕಾಯ್ದೆಗೆ 1988ರಲ್ಲಿ ತಿದ್ದುಪಡಿ ತಂದು ಚೆಕ್ ಅಮಾನ್ಯವಾಗುವುದನ್ನು ಅಪರಾಧವೆಂದು ಮಾಡಬೇಕಾಯಿತು. ಮಾತಿಗೆ ಇದ್ದ ಬೆಲೆ 107 ವರ್ಷಗಳಲ್ಲಿ ಎಲ್ಲಿಗೆ ಬಂದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದಿನ ವರ್ತಕನ ಮುಂದಿರುವ ರೂಪ ಬಾಕಿ ಪಾವತಿಯದು. ಸಣ್ಣ ಉತ್ಪಾದಕನಿಂದ ಸರಕು ಪಡೆದು ಆರು ತಿಂಗಳು ಹಣ ತಡೆಹಿಡಿಯುವುದನ್ನು ಪೇಟೆಯಲ್ಲಿ ಜಾಣತನವೆಂದೇ ಭಾವಿಸಲಾಗಿತ್ತು. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ ಅತಿ ಸಣ್ಣ ಹಾಗೂ ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನಗಳಲ್ಲಿ ಪಾವತಿಯನ್ನೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ ವಿಧಿಸಿತು. ಬಡ್ಡಿ ಕೇಳಿದರೆ ಗಿರಾಕಿ ಹೋದಾನೆಂದು ಕೇಳಿದವರು ವಿರಳ. ಆಗ 2023ರಲ್ಲಿ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ (ಎಚ್) ಉಪವಾಕ್ಯ ಸೇರಿಸಿ, 2024–25ನೇ ಕರನಿರ್ಧಾರಣಾ ವರ್ಷದಿಂದ, ಗಡುವು ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸುವಂತೆ ಮಾಡಲಾಯಿತು. ಕೆಲವು ಖರೀದಿದಾರರು ಸಕಾಲಕ್ಕೆ ಹಣ ಕೊಡುವ ಬದಲು ನೋಂದಣಿಯಿಲ್ಲದ ಪೂರೈಕೆದಾರರತ್ತ ಹೊರಳುತ್ತಿದ್ದಾರೆ, ಉದ್ಯಮ ನೋಂದಣಿ ರದ್ದುಪಡಿಸುವಂತೆ ಒತ್ತಾಯಿಸುತ್ತಿದ್ದಾರೆ ಎಂಬ ದೂರುಗಳು 2024ರಲ್ಲಿ ಉದ್ಯಮ ವಲಯದಿಂದಲೇ ಕೇಳಿಬಂದವು. 1863ರ ತನಿಖಾಧಿಕಾರಿಗೆ ಈ ಸುದ್ದಿ ಹೊಸದೆನಿಸುತ್ತಿರಲಿಲ್ಲ.

ಸದಸ್ಯರು ಎರಡು ಅಂಶಗಳನ್ನು ಗಮನಿಸುವುದು ಒಳಿತು. ಲಿಖಿತ ಕರಾರು ಇಲ್ಲದಿದ್ದಲ್ಲಿ ಗಡುವು 45 ದಿನಗಳಲ್ಲ, 15 ದಿನಗಳು ಮಾತ್ರ. 2021ರ ಜುಲೈನಿಂದ ಸಗಟು ಮತ್ತು ಚಿಲ್ಲರೆ ವರ್ತಕರಿಗೆ ದೊರೆತ ನೋಂದಣಿ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾದುದರಿಂದ, ಈ ಪಾವತಿ ರಕ್ಷಣೆ ಉತ್ಪಾದಕರಿಗೂ ಸೇವಾ ಉದ್ಯಮಗಳಿಗೂ ಅನ್ವಯಿಸುತ್ತದೆಯೇ ಹೊರತು ಕೇವಲ ಕೊಂಡು ಮಾರುವವರಿಗಲ್ಲ. ಅಂತಹವರ ಬಾಕಿ ಇಂದಿಗೂ ಹಳೆಯ ರೂಢಿಯ ಮೇಲೆಯೇ ನಿಂತಿದೆ.