ಕೃಷ್ಣೆಯ ನಡುಗಡ್ಡೆಗಳಿಗೆ ಅಂಬಿಗನೇ ದಾರಿ

ದ್ವೀಪ ಸುತ್ತುವ ಮಾತು ಬಂದರೆ ನಮ್ಮವರ ಮನಸ್ಸು ಮಲ್ಪೆಯಾಚೆಯ ಸೇಂಟ್ ಮೇರೀಸ್‌ಗೋ ಅಂಡಮಾನಿಗೋ ಓಡುತ್ತದೆ. ಅನುಕೂಲವಿದ್ದವರು ಸೇಶೆಲ್ಸ್‌ವರೆಗೂ ಹೋಗಿ, ಹಾಯಿದೋಣಿಯನ್ನು ನಾವಿಕನ ಸಮೇತ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಾರೆ. ರಾಯಚೂರು ಜಿಲ್ಲೆಯ ಯಾಪಲದಿನ್ನಿಯಿಂದಾಗಲಿ ದೇವದುರ್ಗ, ಮಾನ್ವಿಯಿಂದಾಗಲಿ ಸಮುದ್ರ ಬಲು ದೂರ. ದ್ವೀಪಗಳು ಮಾತ್ರ ದೂರವಿಲ್ಲ. ರಾಯಚೂರು ಸೀಮೆಯ ಹೊಲಗಳ ನಡುವೆ ತಲೆ ಎತ್ತಿರುವ ಕಲ್ಲುಬಂಡೆಗಳೇ ಕೃಷ್ಣೆಯ ಪಾತ್ರದಲ್ಲೂ ಎದ್ದು ನಿಂತು ಹೊಳೆಯನ್ನು ಸೀಳುಸೀಳಾಗಿ ಒಡೆದಿವೆ. ಸೀಳುಗಳ ನಡುವೆ ಉಳಿದ ನೆಲವೇ ನಡುಗಡ್ಡೆ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ಕರಕಲಗಡ್ಡಿ, ಮಾದರಗಡ್ಡಿ, ರಾಯಚೂರು ತಾಲ್ಲೂಕಿನ ಕುರುವಪುರ, ಕುರ್ವಕಲಾ, ಕುರ್ವಕುರ್ದಾ, ನಾರದಗಡ್ಡೆ ಇವೆಲ್ಲ ಅಂಥವೇ. ಜಲದುರ್ಗದಲ್ಲಿ ಕೋಟೆಯಿದೆ, ನಾರದಗಡ್ಡೆಯಲ್ಲಿ ಚನ್ನಬಸವೇಶ್ವರರ ಮಠವಿದೆ. ದತ್ತಾವತಾರಿ ಎನಿಸಿದ ಶ್ರೀಪಾದ ಶ್ರೀವಲ್ಲಭರ ನೆಲೆಯೆಂದು ಕುರುವಪುರಕ್ಕೆ ಮಹಾರಾಷ್ಟ್ರದಿಂದ ದತ್ತಭಕ್ತರು ವರ್ಷವಿಡೀ ಬರುತ್ತಾರೆ. ರಾಯಚೂರಿನಿಂದ ಆತ್ಕೂರಿನವರೆಗೆ ರಸ್ತೆ, ಅಲ್ಲಿಂದಾಚೆ ಹೊಳೆ. ಆ ಹೊಳೆ ದಾಟಿಸುತ್ತ ಬಂದಿರುವುದು ದುಂಡು ಬುಟ್ಟಿಯಂಥ ಹರಿಗೋಲು, ಇಲ್ಲಿನ ಅನೇಕರ ಬಾಯಲ್ಲಿ ತೆಪ್ಪ. ಈ ಗಡ್ಡೆಗಳನ್ನು ನೋಡಲು ಅದಕ್ಕಿಂತ ತಕ್ಕ ವಾಹನವಿಲ್ಲ. ಆದರೆ ನಾವು ಕೊಡುವ ಬಾಡಿಗೆ ಬುಟ್ಟಿಗಲ್ಲ, ಅಂಬಿಗನ ತಿಳಿವಳಿಕೆಗೆ. ಆ ತಿಳಿವಳಿಕೆಯನ್ನು ಒಂದು ಕಸುಬೆಂದು ಲೆಕ್ಕಕ್ಕೆ ಹಿಡಿಯದಿರುವುದೇ ನಮ್ಮ ದೊಡ್ಡ ಲೋಪ.

ವಾಹನ ತಕ್ಕದ್ದು ಏಕೆಂಬುದು ಅದರ ಕಟ್ಟಣೆಯಲ್ಲೇ ಕಾಣುತ್ತದೆ. ಸೀಳಿದ ಬಿದಿರನ್ನು ಅಡ್ಡಡ್ಡ ಹೆಣೆದು ಅಗಲವಾದ ತಳ ಮಾಡುತ್ತಾರೆ; ಅಂಚನ್ನು ಮೇಲಕ್ಕೆ ಬಾಗಿಸಿ ದಪ್ಪ ಬಿದಿರ ಸುತ್ತು ಬಿಗಿಯುತ್ತಾರೆ. ಹಿಂದೆ ಹೊರಮೈಗೆ ಎತ್ತಿನ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಕಾಯಿಸಿದ ಡಾಂಬರು. ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರಿದ್ದರೂ ತೇಲುತ್ತದೆ. ಬಂಡೆ ತಾಗಿದರೆ ಬಿದಿರು ಬಳುಕುತ್ತದೆಯೇ ಹೊರತು ಮರದ ಹಲಗೆಯಂತೆ ಒಡೆಯುವುದಿಲ್ಲ. ಮೋಟಾರು ದೋಣಿಯ ರೆಕ್ಕೆ ಇದೇ ಜಾಗದಲ್ಲಿ ಕಲ್ಲಿಗೆ ಸಿಕ್ಕಿ ಮುರಿದೀತು. ಕಲ್ಲುದಂಡೆಯ ಸೇಶೆಲ್ಸ್‌ನಲ್ಲಿಯೂ ಆಳ ಕಡಿಮೆಯಿರುವಲ್ಲಿಗೆ ಹೋಗಬಲ್ಲ ಜೋಡಿಒಡಲಿನ ಕ್ಯಾಟಮರಾನಿಗೇ ಬೇಡಿಕೆ. ನೀರು ಯಾವುದಾದರೇನು, ಕಲ್ಲಿರುವ ಕಡೆ ಬೇಕಾಗುವುದು ಇದೇ ಗುಣ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಾಗ ಆನೆಗೊಂದಿಯ ಬಳಿ ತೊಗಲು ಹೊದಿಸಿದ ದುಂಡನೆ ಬುಟ್ಟಿದೋಣಿಗಳನ್ನು ಕಂಡು, ಒಂದೊಂದು ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ನೇರ ಹೋಗದೆ ತಿರುಗುತ್ತಲೇ ಇರುತ್ತದೆ ಎಂದು ಬರೆದಿಟ್ಟ. 1803ರ ಮರಾಠಾ ಯುದ್ಧದಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯ ಹೊಳೆ ದಾಟಲೆಂದು ಇಂಥವನ್ನೇ ಮಾಡಿಸಿದ. ಐನೂರು ವರ್ಷದಲ್ಲಿ ಹೊದಿಕೆ ಬದಲಾಗಿದೆ, ಆಕಾರ ಬದಲಾಗಿಲ್ಲ.

ಆದರೆ ದುಂಡಗಿನ ದೋಣಿಗೆ ಮುಂದು ಹಿಂದು ಇಲ್ಲ, ನೀರು ಸೀಳುವ ಏಣಿಲ್ಲ, ಚುಕ್ಕಾಣಿಯಿಲ್ಲ. ಅರಿಯದವರ ಕೈಗೆ ಹುಟ್ಟು ಕೊಟ್ಟರೆ ಅದು ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಅಂಬಿಗ ಹುಟ್ಟನ್ನು ಪಕ್ಕಕ್ಕಲ್ಲ, ತಾನು ಹೋಗಬೇಕಾದ ಕಡೆಗೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಸುತ್ತನ್ನು ತಡೆಯುತ್ತಾನೆ. ಎದುರುದಂಡೆಗೆ ನೇರ ಹೊರಡುವುದೂ ಇಲ್ಲ. ದಂಡೆಗುಂಟ ತೆಪ್ಪವನ್ನು ಮೇಲಕ್ಕೆ ಎಳೆದೊಯ್ದು, ಅಲ್ಲಿಂದ ಬಿಟ್ಟು, ಸೆಳವು ತಳ್ಳುವಷ್ಟು ಕೆಳಗಿಳಿದು ಬೇಕಾದ ಕಡವಿಗೇ ಮುಟ್ಟಿಸುತ್ತಾನೆ. ಎಷ್ಟು ಮೇಲಕ್ಕೆ ಎಳೆಯಬೇಕೆಂಬುದು ಅಂದಿನ ನೀರಿನ ಲೆಕ್ಕ. ಯಾವ ಬಂಡೆ ನೀರಡಿ ಮುಳುಗಿದೆ, ಯಾವ ಮಡುವಿನಲ್ಲಿ ಸುಳಿಯಿದೆ, ಮೊಸಳೆ ಎಲ್ಲಿ ಬಿಸಿಲು ಕಾಯುತ್ತದೆ ಎಂಬುದು ಯಾವ ನಕಾಶೆಯಲ್ಲೂ ಇಲ್ಲ. ಸಮುದ್ರದಲ್ಲಿ ಬಾಡಿಗೆ ದೋಣಿಯ ನಾವಿಕನಿಗೆ ಪರೀಕ್ಷೆ, ಪ್ರಮಾಣಪತ್ರ, ಅದಕ್ಕೆ ತಕ್ಕ ಸಂಬಳ. ಅಷ್ಟೇ ಕಠಿಣವಾದ ವಿದ್ಯೆಯನ್ನು ಮನೆಯ ಹಿರಿಯರಿಂದ ಕಲಿತ ನಮ್ಮ ಅಂಬಿಗನ ಕೈಯಲ್ಲಿ ಅದನ್ನು ತೋರಿಸುವ ಒಂದು ಕಾಗದವೂ ಇರುವುದಿಲ್ಲ. ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಕಸುಬಿದು ಎಂಬುದನ್ನು ನೆನೆದರೆ ಈ ಉಪೇಕ್ಷೆ ಇನ್ನೂ ನೋಯಿಸುತ್ತದೆ.

ತೆಪ್ಪ ಅಪಾಯಕಾರಿ ಎನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ಪಂಚದೇವ ಪಹಾಡ ಕಡೆಯಿಂದ ಕುರ್ವಕುರ್ದಾಕ್ಕೆ 13 ಜನರನ್ನು ಹೊತ್ತು ಬರುತ್ತಿದ್ದ ತೆಪ್ಪ ತುಂಬಿದ ಹೊಳೆಯಲ್ಲಿ ಮಗುಚಿ ನಾಲ್ವರು ನೀರುಪಾಲಾದರು. ಅವರು ವಿಹಾರಕ್ಕೆ ಹೊರಟವರಲ್ಲ, ಮನೆಗೆ ಮರಳುತ್ತಿದ್ದವರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಲಕ್ಷಾಂತರ ಕ್ಯೂಸೆಕ್ ನೀರು ಬಿಟ್ಟಾಗಲೂ ರೇಷನ್ನು, ಆಸ್ಪತ್ರೆ, ಶಾಲೆಗಾಗಿ ದಾಟಲೇಬೇಕಾದ ಸ್ಥಿತಿ ಜನರನ್ನು ಆ ಸೆಳವಿಗೆ ಇಳಿಸುತ್ತದೆ. 2019ರ ನೆರೆಯಲ್ಲೂ ಗಡ್ಡೆಗಳು ದಂಡೆಯ ಸಂಪರ್ಕ ಕಳೆದುಕೊಂಡಿದ್ದವು. ಆದ್ದರಿಂದ ಸೇತುವೆ ಬೇಕೇ ಬೇಕು. ಪ್ರವಾಸಿಯ ಕಣ್ಣಿಗೆ ಚೆಂದವೆಂದು ಗಡ್ಡೆಯ ಬಸುರಿ ಹೆಂಗಸು ತೆಪ್ಪದಲ್ಲಿ ಕೂರಬೇಕೆನ್ನುವುದು ಕ್ರೂರ. ಆದರೆ ಇದೇ ಸಂಗತಿ ನನ್ನ ವಾದಕ್ಕೆ ಬಲ ಕೊಡುತ್ತದೆ. ದಾಟಲೇಬೇಕಾದವರಿಗೆ ಸೇತುವೆಯಾದ ಮೇಲೆ ತೆಪ್ಪವು ‘ಇಂದು ಬೇಡ’ ಅನ್ನಬಲ್ಲ ವಾಹನವಾಗುತ್ತದೆ. ನೀರು ಏರಿದ ದಿನ ಇಳಿಯಬೇಡ ಎಂದರೆ ಅಂಬಿಗನೂ ಒಪ್ಪಿಯಾನು, ನೋಡಬಂದವನೂ ಒಪ್ಪಿಯಾನು.

ಸೇತುವೆ ಬಂದರೆ ಅಂಬಿಗನ ಕೆಲಸ ಹೋಗುತ್ತದಲ್ಲ ಎಂಬ ಇನ್ನೊಂದು ಆಕ್ಷೇಪವಿದೆ. ದಾಟಿಸುವ ಕೆಲಸ ಹೋಗುವುದು ನಿಜ. ಸುತ್ತಿಸುವ ಕೆಲಸ ಹುಟ್ಟಬೇಕು, ಅದು ತಾನಾಗಿ ಹುಟ್ಟುವುದಿಲ್ಲ. ಸೇತುವೆ ಒಂದು ಗಡ್ಡೆಯ ಒಂದು ಬದಿಯನ್ನು ಮುಟ್ಟುತ್ತದೆ; ಗಡ್ಡೆಯ ಬೆನ್ನು, ಬಂಡೆಗಳ ಸಂದು, ಜನವಸತಿಯಿಲ್ಲದ ಪುಟ್ಟ ಕುದುರುಗಳು ಹರಿಗೋಲಿಗಷ್ಟೇ ತೆರೆದುಕೊಳ್ಳುತ್ತವೆ. ಆ ಕೆಲಸ ಹುಟ್ಟಿಸಲು ಹೊಸ ಕಾನೂನು ಬೇಕೆಂದೇನಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಗಣನೆಗೆ ತಂದು, ಅವುಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ದಾರಿ ಮಾಡಿದೆ. ಗ್ರಾಮ ಪಂಚಾಯಿತಿಯೇ ಅಂಬಿಗರ ಹೆಸರು ಬರೆದುಕೊಳ್ಳಬಹುದು, ತೆಪ್ಪದ ಅಳತೆಗೆ ತಕ್ಕಂತೆ ತಲೆಯೆಣಿಕೆ ನಿಗದಿಮಾಡಬಹುದು, ಜೀವರಕ್ಷಕ ಅಂಗಿ ಕಡ್ಡಾಯ ಮಾಡಬಹುದು, ಕಡವಿನಲ್ಲಿ ದರಪಟ್ಟಿ ಹಾಕಬಹುದು. ಬಸವಸಾಗರದ ಗೇಟು ಎತ್ತುವ ಸುದ್ದಿ ತಾಲ್ಲೂಕು ಕಚೇರಿಗೆ ಮುಟ್ಟಿದ ಹೊತ್ತಿಗೇ ಅಂಬಿಗನ ಮೊಬೈಲಿಗೂ ಮುಟ್ಟಬೇಕು. ಮಳೆಗಾಲದ ರಭಸ ಇಳಿದು ನೀರು ತಿಳಿಯಾಗುವ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಈ ಯಾನಕ್ಕೆ ಹದವಾದ ಕಾಲ. ಹೋಗುವವರು ಬೆಳಿಗ್ಗೆಯೇ ಹೋಗಲಿ, ದರ ಚೌಕಾಸಿ ಮಾಡದಿರಲಿ, ಎಷ್ಟು ಜನ ಹತ್ತಬೇಕೆಂಬುದನ್ನು ಅಂಬಿಗನ ಮಾತಿಗೇ ಬಿಡಲಿ.