ಹೆಪ್ಪುಗಟ್ಟದ ಕಡಲು, ಯುದ್ಧ ಕಟ್ಟಿದ ಊರು

ಆರ್ಕ್ಟಿಕ್ ವೃತ್ತದಿಂದ ಉತ್ತರಕ್ಕಿರುವ ನಗರಗಳಲ್ಲೇ ದೊಡ್ಡದು ರಷ್ಯದ ಮುರ್ಮಾನ್ಸ್ಕ್. ಅದರ ಮಾತು ಬಂದಾಗಲೆಲ್ಲ ಮೊದಲು ಕೇಳುವುದು ಬೆಚ್ಚನೆಯ ನೀರಿನ ಕಥೆ. ಅಟ್ಲಾಂಟಿಕ್ ಕಡೆಯಿಂದ ಬರುವ ಉಷ್ಣಪ್ರವಾಹದಿಂದಾಗಿ ಅಲ್ಲಿಯ ಬಂದರು ಚಳಿಗಾಲದಲ್ಲೂ ತೆರೆದಿರುತ್ತದೆ. ಅದಕ್ಕಿಂತ ದಕ್ಷಿಣದ ಆರ್ಖಾಂಗೆಲ್ಸ್ಕ್ ತಿಂಗಳುಗಟ್ಟಲೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ನೀರೇ ಊರನ್ನು ಹುಟ್ಟಿಸಿತು ಎನ್ನಲಾಗದು. ಆ ನೀರು ಶತಮಾನಗಳಿಂದ ಅಲ್ಲೇ ಇತ್ತು. ಸಾಮಿ ಜನ ಹಿಮಸಾರಂಗ ಸಾಕುತ್ತಿದ್ದರು, ಪೊಮೋರ್ ಮೀನುಗಾರರು ಕಾಡ್ ಮೀನಿಗಾಗಿ ಬಂದುಹೋಗುತ್ತಿದ್ದರು, ಹತ್ತಿರದಲ್ಲಿ ಕೋಲಾ ಎಂಬ ಸಣ್ಣ ಪಟ್ಟಣವೂ ಇತ್ತು. ನಗರ ಹುಟ್ಟಿದ್ದು ಮಾತ್ರ 1916ರಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಬಾಲ್ಟಿಕ್ ದಾರಿಯನ್ನೂ ತುರ್ಕಿ ಕಪ್ಪುಸಮುದ್ರದ ದಾರಿಯನ್ನೂ ಮುಚ್ಚಿದವು. ಮಿತ್ರರಾಷ್ಟ್ರಗಳ ಮದ್ದುಗುಂಡು ತರಿಸಿಕೊಳ್ಳಲು ಬೇರೆ ಬಾಗಿಲು ಬೇಕಾಯಿತು. ಯುದ್ಧಕೈದಿಗಳನ್ನೂ ದುಡಿಸಿ ಜೌಗುನೆಲದ ಮೇಲೆ ರೈಲುಹಳಿ ಹಾಕಿದರು. ಹಳಿ ಮುಗಿದಲ್ಲಿ ಎದ್ದ ಊರಿಗೆ ರೊಮಾನೊವ್ ಅರಸುಮನೆತನದ ಹೆಸರಿಟ್ಟರು. ಮರುವರ್ಷದ ಕ್ರಾಂತಿ ಆ ಹೆಸರನ್ನೂ ಅಳಿಸಿತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕಗಳ ನೆರವಿನ ಹಡಗುಗಳು ಬಂದದ್ದೂ ಇಲ್ಲಿಗೇ. ಅದಕ್ಕೆ ಬೆಲೆ ತೆತ್ತವರು ಊರಿನವರು: 1942ರ ಜೂನ್ 18ರ ಬಾಂಬ್ ದಾಳಿಯಲ್ಲಿ ಮರದ ಮನೆಗಳ ಬೀದಿಬೀದಿಗಳೇ ಉರಿದವು.

ಯುದ್ಧವೊಂದೇ ಕಾರಣವಾದರೆ ಶಾಂತಿಯ ಕಾಲದಲ್ಲಿ ಊರು ಬೆಳೆದದ್ದು ಹೇಗೆ, ಮೀನುಗಾರಿಕೆಯ ಪಾಲಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ಸೋವಿಯತ್ ಟ್ರಾಲರ್‌ಗಳ ದೊಡ್ಡ ನೆಲೆಯಾಗಿತ್ತು ಅದು. ಆದರೆ ಮೀನಿರುವಲ್ಲೆಲ್ಲ ಲಕ್ಷಗಟ್ಟಲೆ ಜನ ನೆಲೆಸುವುದಿಲ್ಲ. ಡಿಸೆಂಬರ್ ಆರಂಭದಿಂದ ಜನವರಿಯ ಎರಡನೆಯ ವಾರದವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲು ಒಂದಿಷ್ಟು ನೀಲಿ ಮಬ್ಬು ಬೆಳಕು, ಅಷ್ಟೆ. ಬೇಸಿಗೆಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದಿಲ್ಲ, ದಪ್ಪ ಪರದೆ ಎಳೆದು ಮಲಗಬೇಕು. ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್‌ಗಳಿಗೆ ಉರುವಲು ಎಣ್ಣೆ ಹೊರಗಿನಿಂದ ಬರಬೇಕು. ಇಂಥಲ್ಲಿಗೆ ಜನ ಬಂದದ್ದು, ಉತ್ತರದಲ್ಲಿ ದುಡಿಯುವವರಿಗೆ ಸರ್ಕಾರ ಹೆಚ್ಚಿನ ಸಂಬಳವನ್ನೂ ಬೇಗನೆ ಪಿಂಚಣಿಯನ್ನೂ ಕೊಟ್ಟದ್ದರಿಂದ. ಹಾಗೆ ಬಂದವರೇ ಇಲ್ಲಿ ಮಕ್ಕಳನ್ನು ಬೆಳೆಸಿದರು. 1934ರಲ್ಲಿ ಆರಂಭವಾದ ಉತ್ತರದ ಹಬ್ಬದ ಸ್ಕೀ ಪಂದ್ಯಗಳನ್ನು ತಮ್ಮ ಊರಹಬ್ಬವನ್ನಾಗಿ ಮಾಡಿಕೊಂಡರು.

ಜನರನ್ನು ಇಲ್ಲಿ ಹಿಡಿದಿಟ್ಟದ್ದು ನೀರಲ್ಲ, ಸರ್ಕಾರ ಕೊಟ್ಟ ಆಸರೆ ಎಂಬುದಕ್ಕೆ ಮುಂದಿನದು ಇನ್ನೂ ಗಟ್ಟಿ ಸಾಕ್ಷಿ. 1989ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 4.68 ಲಕ್ಷ, 2021ರಲ್ಲಿ ಸುಮಾರು 2.7 ಲಕ್ಷ. ಸೋವಿಯತ್ ಒಕ್ಕೂಟ ಒಡೆದ ಮೇಲೂ ಬಂದರಿನ ನೀರು ಹೆಪ್ಪುಗಟ್ಟಲಿಲ್ಲ, ಆದರೂ ಜನ ಹೊರಟುಹೋದರು. ಈಗ ರಷ್ಯದ ಆರ್ಕ್ಟಿಕ್ ಕರಾವಳಿಗುಂಟ ಸಾಗುವ ಉತ್ತರ ಸಮುದ್ರಮಾರ್ಗದ ಸರಕು ಈ ಊರನ್ನು ಮತ್ತೆ ಬೆಳೆಸುತ್ತದೆ ಎನ್ನುವವರಿದ್ದಾರೆ. ಅವರು ಟನ್‌ಗಳ ಲೆಕ್ಕ ಕೊಡುವ ಮೊದಲು, ಆ ಕತ್ತಲೆಯ ಚಳಿಗಾಲದಲ್ಲಿ ಸಂಸಾರ ಹೂಡಿ ಉಳಿಯುವವರಿಗೆ ಏನು ಕೊಡುತ್ತೇವೆಂದು ಹೇಳಲಿ.